ಚಲೋ ಹೆಸರು

ನಿವೃತ್ತಿಯಾದ ಮೇಲೆ ರಾಯಚೂರಿನ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಗಳ ಕಡೆಯವರು ಬರುವುದು ಎರಡೇ ಕಾರಣಕ್ಕೆ. ಒಂದು, ಮದುವೆಯ ಕಾರ್ಡು ಕೊಡಲು. ಇನ್ನೊಂದು, ಯಾವುದೋ ಕಾಗದಕ್ಕೆ ಸಹಿ ಹಾಕಿಸಲು. ಈಚೆಗೆ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ ಹಿರಿಯ ಹೆಂಗಸಿನ ಕೈಯಲ್ಲಿ ಮಡಿಚಿ ಮಡಿಚಿ ಸವೆದ ಪ್ಲಾಸ್ಟಿಕ್ ಚೀಲ ನೋಡಿದೊಡನೆ ಇದು ಎರಡನೆಯದೇ ಎಂದುಕೊಂಡೆ. ಪಕ್ಕದಲ್ಲಿ ಹದಿನೆಂಟರ ಹುಡುಗಿಯೊಬ್ಬಳಿದ್ದಳು. ದೇವದುರ್ಗದ ಬಸ್ಸಿಳಿದು ನೇರ ಬಂದಿದ್ದರು.

"ನನ್ನ ಮಗನಿಗೆ ನೀವೇ ಅಕ್ಷರ ಹೇಳಿಕೊಟ್ಟೋರು ಟೀಚರಮ್ಮ. ಇಕಿ ಆತನ ಮಗಳು," ಎಂದು ಅಜ್ಜಿ ಪರಿಚಯ ಹೇಳಿದಳು.

ನನ್ನ ಮೊದಲ ನೌಕರಿ ದೇವದುರ್ಗದ ಕಡೆಯ ಹಳ್ಳಿಯೊಂದರಲ್ಲಿ. ಆಗ ನನಗೆ ಇಪ್ಪತ್ತೆರಡು. ಅಲ್ಲಿ ಒಂದನೇ ಇಯತ್ತೆಗೆ ಬಂದ ಎಷ್ಟೋ ಮಕ್ಕಳ ಮುಖ ಮರೆತುಹೋಗಿದೆ. ಈಕೆಯ ಮಗ ಈಗ ಪುಣೆಯ ಕಡೆ ಕಟ್ಟಡದ ಕೆಲಸದಲ್ಲಿದ್ದಾನೆ ಎಂದರು. ಹುಡುಗಿ ಚೀಲದಿಂದ ಒಂದು ಜೆರಾಕ್ಸ್ ತೆಗೆದು ನನ್ನ ಮುಂದೆ ಹಿಡಿದಳು. ಅವಳ ಅಪ್ಪ ಶಾಲೆ ಸೇರಿದ ದಿನದ ದಾಖಲಾತಿ ರಿಜಿಸ್ಟರಿನ ಪುಟ ಅದು.

"ನನಗ ನರ್ಸಿಂಗ್ ಸೀಟ್ ಸಿಕ್ಕದ್ರಿ ಟೀಚರ್. ಜಾತಿ ಸರ್ಟಿಫಿಕೇಟ್ ಕೊಡಾಕ ಇನ್ನ ಹತ್ತೇ ದಿನ ಅದ. ಈಗ ಪರಿಶಿಷ್ಟ ಜಾತಿ ಅಂದ್ರ ಸಾಲಲ್ಲಂತ, ಅದರೊಳಗ ಯಾವುದು ಅಂತ ಖಾಸ ಹೆಸರು ಬೇಕಂತ. ನಮ್ಮಪ್ಪನ ದಾಖಲಾತ್ಯಾಗ ನೋಡ್ರಿ, 'ಹರಿಜನ' ಅಂತ ಅದ. ಪಟ್ಟಿಯಾಗ ಆ ಹೆಸರಿನ ಜಾತಿನೇ ಇಲ್ಲಂತ್ರಿ. ಅದಕ್ಕಿಂತ ಹಳೇದು ಏನಾರ ಇದ್ರ ತರ್ರಿ ಅಂದ್ರು ತಹಸೀಲ್ ಆಫೀಸಿನ್ಯಾಗ."

ಕನ್ನಡಕ ಹಾಕಿಕೊಂಡು ನೋಡಿದೆ. ಅಕ್ಷರಗಳು ದುಂಡಗೆ, ಚೆಂದಗೆ, ಸಾಲು ತಪ್ಪದೆ ಇದ್ದವು. ಅವು ನನ್ನವೇ.

ಯಾಕೆ ಹಾಗೆ ಬರೆದೆ ಎಂಬುದನ್ನು ಹೇಳಬೇಕಾದರೆ ನಮ್ಮ ಮನೆಯಿಂದಲೇ ಶುರುಮಾಡಬೇಕು. ನಮ್ಮದು ಗಿಲ್ಲೆಸುಗೂರಿನ ಹತ್ತಿರದ ಹಳ್ಳಿ, ಕುರಿ ಸಾಕುವ ಮನೆತನ. ಅಪ್ಪ "ನಾವು ಹಾಲುಮತದವರು" ಎಂದು ಎದೆ ಸೆಟೆಸಿ ಹೇಳುತ್ತಿದ್ದ. ಅದೇ ಅಪ್ಪನನ್ನು ಊರ ಗೌಡರ ಕಟ್ಟೆಯ ಮೇಲೆ ಯಾರಾದರೂ "ಬಾರಲೇ ಕುರುಬಾ" ಎಂದು ಕರೆದರೆ ಆ ದಿನ ಮನೆಯಲ್ಲಿ ಯಾರೂ ಆತನ ಎದುರು ಸುಳಿಯುತ್ತಿರಲಿಲ್ಲ. ಈಗ ನನ್ನ ಅಣ್ಣನ ಮಗ ಆ ಹೆಸರನ್ನೇ ದೊಡ್ಡ ಹಳದಿ ಅಕ್ಷರದಲ್ಲಿ ಮೋಟಾರ್ ಸೈಕಲ್ಲಿನ ಮುಂದೆ ಅಂಟಿಸಿಕೊಂಡು ರಾಯಚೂರು ತುಂಬ ತಿರುಗುತ್ತಾನೆ. ಅಪ್ಪ ಬದುಕಿದ್ದರೆ ಅದನ್ನು ನೋಡಿ ಬೈಯುತ್ತಿದ್ದನೋ, ನಗುತ್ತಿದ್ದನೋ, ನನಗೆ ಇಂದಿಗೂ ತಿಳಿಯದು. ಹೆಸರು ಅದೇ. ಕರೆಯುವ ಬಾಯಿ ಬದಲಾದರೆ ಅದರ ರುಚಿಯೇ ಬದಲಾಗುವುದು ಹೇಗೆ ಎಂದು ನಾನು ಬೆರಗಾಗಿ ನೋಡುತ್ತೇನೆ.

ನಮಗೆ ಹೆಸರು ಚುಚ್ಚುತ್ತಿತ್ತು, ಸರಿ. ನಾವೂ ಚುಚ್ಚುತ್ತಿದ್ದೆವು. ಕೇರಿಯಿಂದ ಒಬ್ಬ ಹಿರಿಯ ಮನುಷ್ಯ ಅಪ್ಪನ ಚಪ್ಪಲಿ ಹೊಲಿದುಕೊಂಡು ಬರುತ್ತಿದ್ದ. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ಆತನನ್ನು ಜಾತಿಯ ಹೆಸರು ಹಿಡಿದೇ ಕೂಗುತ್ತಿದ್ದಳು. ಸಿಟ್ಟಿನಿಂದಲ್ಲ, ಕೋಳಿಗೆ ಕಾಳು ಹಾಕಲು ಕರೆದಷ್ಟೇ ಸಹಜವಾಗಿ. ಆತ ಹಿತ್ತಲ ಕಲ್ಲಿನ ಮೇಲೆ ಚಪ್ಪಲಿ ಇಟ್ಟು ದೂರ ನಿಲ್ಲುತ್ತಿದ್ದ. ಆತನಿಗೂ ಹೆತ್ತವರು ಇಟ್ಟ ಒಂದು ಹೆಸರಿದೆ ಎಂದು ನನಗೆ ಗೊತ್ತಾಗಿದ್ದು ಆತ ಸತ್ತ ದಿನ, ಆತನ ತಂಗಿ ಆ ಹೆಸರು ಹಿಡಿದು ಹಾಡ್ಯಾಡಿ ಅಳುವುದು ಊರಬಾಗಿಲ ಅಗಸಿಯವರೆಗೂ ಕೇಳಿದಾಗ. ನನಗಾಗ ಹತ್ತು ವರ್ಷ. ಅಷ್ಟು ಚೆಂದದ ಹೆಸರನ್ನು ನಾವು ಒಂದು ದಿನವೂ ಬಳಸಲಿಲ್ಲವಲ್ಲ ಎಂದು ಅಲ್ಲೇ ನಿಂತು ಅದನ್ನು ಒಮ್ಮೆ ಹೇಳಿ ನೋಡಿದ್ದೆ.

ಹಾಗಾಗಿ ಟೀಚರಾದಾಗ ಆಯಿಯ ಬಾಯಲ್ಲಿದ್ದ ಆ ಜಾತಿಯ ಹೆಸರನ್ನು ನನ್ನ ಕೈಯಿಂದ ಬರೆಯಬಾರದು ಎಂದು ನಿಶ್ಚಯಿಸಿದ್ದೆ. ನಮಗೆ ಕಲಿಸಿದವರು ಹೇಳಿದ ಮರ್ಯಾದೆಯ ಮಾತು 'ಹರಿಜನ'. ದೇವರ ಮಕ್ಕಳು. ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಎಂದುಕೊಂಡಿದ್ದೆ. ಕೇರಿಯ ಪ್ರತಿ ಮಗುವಿನ ಹೆಸರಿನ ಮುಂದೆ ಅದನ್ನೇ ಬರೆದೆ, ಅದೂ ಯಾರನ್ನೂ ಕೇಳದೆ. ಜಾತಿ ಯಾವುದು ಎಂದು ಹತ್ತು ಜನರ ನಡುವೆ ಕೇಳಿ ಆ ತಂದೆತಾಯಿಗಳ ತಲೆ ತಗ್ಗಿಸಬಾರದು ಎಂಬುದು ನನ್ನ ದೊಡ್ಡತನ!

ಆ ದಿನ ಈ ಅಜ್ಜಿಯ ಗಂಡ ಮಗನ ಕೈ ಹಿಡಿದುಕೊಂಡು ಬಂದದ್ದು ನೆನಪಿಗೆ ಬಂತು. ಜೆರಾಕ್ಸ್ ನೋಡುತ್ತಿದ್ದಂತೆ ಒಂದೊಂದೇ ಮಾತು ಎದ್ದು ಬಂತು. ಉದ್ದನೆಯ ಮನುಷ್ಯ. ಉಳಿದವರಂತೆ ದೂರ ನಿಲ್ಲದೆ ಮೇಜಿನ ಹತ್ತಿರವೇ ಬಂದು, ನಾನು ಬರೆಯುವುದನ್ನು ಬಗ್ಗಿ ನೋಡಿದ್ದ.

"ಏನ್ ಬರದ್ರಿ ಟೀಚರ್?"

"ಚಲೋ ಹೆಸರು ಬರದೀನಪಾ. ನೀ ಚಿಂತಿ ಮಾಡಬ್ಯಾಡ."

ಆತ, "ನಾ ಕಲ್ತ ಸಾಲಿಯಾಗ ನಮ್ಮಪ್ಪ ಖರೇ ಹೆಸರು ಹೇಳಿ ಬರಸಿದ್ದ್ರಿ. ಮಾನ್ವಿ ಕಡೆ," ಎಂದು ಊರಿನ ಹೆಸರನ್ನೂ ಹೇಳಿದ್ದ. ನಾನು ನಕ್ಕು ಮುಂದಿನ ಮಗುವನ್ನು ಕರೆದಿದ್ದೆ. ನನಗಿಂತ ದುಪ್ಪಟ್ಟು ವಯಸ್ಸಿನ ಮನುಷ್ಯನಿಗೆ 'ನೀ' ಎಂದಿದ್ದೆ. ಚಲೋ ಹೆಸರು ಬರೆದುಕೊಟ್ಟ ಬಾಯಿಯಿಂದಲೇ!

ಆಮೇಲೆ ಎಷ್ಟೋ ವರ್ಷಕ್ಕೆ ರಾಯಚೂರಿನ ಒಂದು ತರಬೇತಿಯಲ್ಲಿ ನಾನು ಮಾತಾಡುವಾಗ ಆ ಪದ ಬಳಸಿದೆ. ಹಿಂದಿನ ಸಾಲಿನಿಂದ ಒಬ್ಬ ಕಿರಿಯ ಶಿಕ್ಷಕಿ ಎದ್ದು ನಿಂತಳು. "ಮೇಡಂ, ಆ ಮಾತು ನಮಗ ಬ್ಯಾಡ್ರಿ. ದೇವರ ಮಕ್ಕಳು ಅಂತೀರಿ, ದೇವರ ಗುಡಿ ಹೊರಗ ನಿಲ್ಲಸ್ತೀರಿ. ನಾವು ದಲಿತರು ಅಂತೀವಿ. ನಾವು ಇಟಗೊಂಡ ಹೆಸರದು." ನನಗೆ ಮೂರು ದಿನ ಊಟ ಸೇರಲಿಲ್ಲ. ಮರ್ಯಾದೆ ಕೊಟ್ಟರೂ ತಪ್ಪೇ ಎಂದು ಗಂಡನ ಮುಂದೆ ಹಾರಾಡಿದೆ. ನಾಲ್ಕನೆಯ ದಿನ ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ನನಗೇ ಅನ್ನಿಸಿ, ಆ ಪದವನ್ನು ಬಿಟ್ಟೆ. ಬಾಯಿಂದ ಬಿಟ್ಟೆ, ಅಷ್ಟೇ. ದೇವದುರ್ಗದ ರಿಜಿಸ್ಟರಿನಲ್ಲಿ ಅದು ಮಸಿ ಆರಿ ಕೂತಿದೆ ಎಂಬುದು ನೆನಪೇ ಆಗಲಿಲ್ಲ.

ಇವೆಲ್ಲ ನನ್ನ ತಲೆಯಲ್ಲಿ ಓಡುತ್ತಿದ್ದಾಗ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಅವಳು ಸಹಿಗಾಗಿ ಬಂದಿರಲಿಲ್ಲ.

"ಒಂದ್ ಮಾತು ಕೇಳಾಕ ಬಂದೀನಿ ಟೀಚರಮ್ಮ. ನನ್ನ ಗಂಡ ತಾ ಸಾಲಿ ಕಲ್ತೀನಿ ಅಂತಿದ್ದ. ಕೇರ್ಯಾಗ ಯಾರೂ ನಂಬತಿದ್ದಿಲ್ಲ, ನಾನೂ ನಂಬಲಿಲ್ಲ. ಕನ್ನಡ ಒಂದಕ್ಷರ ಓದಾಕ ಬರತಿದ್ದಿಲ್ಲ ಆತಗ. ಇದ್ದಿಲು ತಗೊಂಡು ಗ್ವಾಡಿ ಮ್ಯಾಲ ಹುಳ ಹರದಂಗ ಏನೋ ಬರದು, ಇದು ನನ್ನ ಹೆಸರು ಅಂತಿದ್ದ. ನಾವು ನಗತಿದ್ವಿ. ಪ್ರತಿ ದಸರಾಕ್ಕ ನಾ ಸುಣ್ಣ ಬಳದು ಅಳಸ್ತಿದ್ದೆ, ಆತ ಮತ್ತ ಬರೀತಿದ್ದ. ಸತ್ತು ಆರು ವರ್ಷಾತು. ನಿಮಗೇನಾರ ಹೇಳಿದ್ನೇನು, ಯಾವ ಸಾಲಿ ಅಂತ?"

ಆ ಊರಿನ ಹೆಸರು ನನ್ನ ಬಾಯಿಗೆ ಬಂತು. ನಲವತ್ತು ವರ್ಷ ಹಿಂದೆ ನಕ್ಕು ತಳ್ಳಿಹಾಕಿದ ಮಾತು ಎಲ್ಲಿ ಅವಿತುಕೊಂಡಿತ್ತೋ, ಹೇಗೆ ಉಳಿದಿತ್ತೋ! ಆ ಹುಡುಗಿಯ ಸೀಟು ಈಗ ಆ ಒಂದು ಮಾತಿನ ಮೇಲೆ ನಿಂತಿತ್ತು.

ಮರುದಿನವೇ ಮೂವರೂ ಮಾನ್ವಿಯ ಬಸ್ಸು ಹತ್ತಿದೆವು. ದಾರಿಯಲ್ಲಿ ನಾನು ಅಜ್ಜಿಗೆ ಎಲ್ಲ ಹೇಳಿಬಿಟ್ಟೆ: ರಿಜಿಸ್ಟರಿನಲ್ಲಿ ಬರೆದವಳು ನಾನೇ, ನಿಮ್ಮ ಗಂಡ ಏನು ಬರೆದಿರಿ ಎಂದು ಕೇಳಿದ್ದ, ನಾನು ಹೇಳಲಿಲ್ಲ ಎಂದು. ಬೈಯುತ್ತಾಳೆ ಎಂದು ಕಾದೆ. ಅವಳು ಕಿಟಕಿಯಾಚೆ ಭತ್ತದ ಗದ್ದೆಗಳನ್ನು ನೋಡುತ್ತ, "ನಿಮಗ ಏನ್ ಗೊತ್ತಿತ್ತು ಬಿಡ್ರಿ," ಎಂದಳು. ಅದು ಕ್ಷಮೆಯೋ ಅಲ್ಲವೋ ತಿಳಿಯಲಿಲ್ಲ. ಹುಡುಗಿ ಮಾತ್ರ ಮುಖ ಬಿಗಿದುಕೊಂಡೇ ಇದ್ದಳು. ಅದು ನನಗೆ ಸರಿ ಅನ್ನಿಸಿತು.

ಮಾನ್ವಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಒಬ್ಬ ನಿವೃತ್ತ ಉರ್ದು ಮಾಸ್ತರರಿದ್ದಾರೆ. ನಿಜಾಮರ ಕಾಲದ ಶಾಲೆ ಎಂದರೆ ದಾಖಲೆ ಉರ್ದುವಿನಲ್ಲಿರುತ್ತದೆ ಎಂದು ಹಿಂದಿನ ದಿನವೇ ಫೋನ್ ಮಾಡಿದ್ದೆ. ಬಸ್ ಸ್ಟ್ಯಾಂಡಿನ ಪಕ್ಕ ಅವರು ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಕೊಡಿಸದೆ ಬಿಡಲಿಲ್ಲ. ತಿನ್ನುತ್ತ ತಿನ್ನುತ್ತ ನಾನು ವಿಷಯ ಹೇಳಿದಾಗ ಅವರು ನಕ್ಕು, "ಟೀಚರ್, ನಿಮ್ಮೂರಾಗ ನಮ್ಮ ಮುಸಲ್ಮಾನ್ರಿಗೂ ಒಂದ್ ಹೆಸರಿತ್ತಲ್ರಿ. ನಿಮ್ಮ ಆಯಿ ಕರೀತಿದ್ದದ್ದು. ನೀವೇ ಹೇಳಿದ್ರಿ ಒಮ್ಮಿ," ಎಂದು ಕಾಲೆಳೆದರು. ಮಿರ್ಚಿ ಗಂಟಲಲ್ಲಿ ಸಿಕ್ಕಿಕೊಂಡು ನಾನು ಕೆಮ್ಮಿದೆ. ಬಿಗಿಮೋರೆಯ ಹುಡುಗಿ ಆಗ ಮೊದಲ ಸಲ ನಕ್ಕಳು.

ಆ ಊರು ಹಿರೇಕೊಟ್ನೆಕಲ್ ಕಡೆಯ ರಸ್ತೆಯಲ್ಲಿದೆ. ಹಳೆಯ ಕಲ್ಲುಕಟ್ಟಡದ ಶಾಲೆ. ಹೆಡ್ ಮಾಸ್ತರರು ಒಳ್ಳೆಯವರು, ಅರ್ಜಿ ಬರೆಸಿಕೊಂಡು ಸ್ಟೋರ್ ರೂಮ್ ತೆರೆಸಿದರು. "ಹಳೇ ಟ್ರಂಕ್ ಒಂದದ್ರಿ. ಯಾರಿಗೂ ಓದಾಕ ಬರಲ್ಲ, ಬಿಸಾಕಾಕ ಮನಸ್ಸಿಲ್ಲ," ಎಂದರು. ಧೂಳು ಒರೆಸಿ ತೆಗೆದರೆ ಬಟ್ಟೆಯ ರಟ್ಟಿನ ನಾಲ್ಕು ರಿಜಿಸ್ಟರುಗಳು. ಪುಣ್ಯಕ್ಕೆ ಗೆದ್ದಲು ಹಿಡಿದಿರಲಿಲ್ಲ.

ನಮ್ಮ ಜೊತೆ ಬಂದಿದ್ದ ಉರ್ದು ಮಾಸ್ತರರು ಬೆಂಚಿನ ಮೇಲೆ ಕೂತು ಹಿಂದಿನಿಂದ ಮುಂದಕ್ಕೆ ಪುಟ ತಿರುವತೊಡಗಿದರು. ಅವರ ಎಡಬಲಕ್ಕೆ ನಾವು. ಮೊದಲ ರಿಜಿಸ್ಟರಿನಲ್ಲಿ ಸಿಗಲಿಲ್ಲ. ಎರಡನೆಯದು ನೀರು ಕುಡಿದು ಅರ್ಧ ಮಸಿ ಹರಡಿತ್ತು. ಮೂರನೆಯದು ಅರ್ಧ ಮುಗಿಯುವ ಹೊತ್ತಿಗೆ ನನಗೆ ಆಸೆ ಕಡಿಮೆಯಾಗಿತ್ತು. ಅವರು ಒಂದು ಪುಟ ನೋಡಿ ಮುಗಿಸಿ ತಿರುವಲು ಹೊರಟರು. ಅಷ್ಟರಲ್ಲಿ ಅಜ್ಜಿ ಕೈ ಚಾಚಿ ಪುಟದ ಮೇಲೆ ಬೆರಳಿಟ್ಟಳು.

"ನಿಲ್ರಿ. ಇದು."

ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. "ಅಮ್ಮಾ, ನಿಮಗ ಉರ್ದು ಬರ್ತದೇನು?"

"ನನಗ ಯಾವ ಅಕ್ಷರನೂ ಬರಲ್ಲ. ಇದು ಆತ ಗ್ವಾಡಿ ಮ್ಯಾಲ ಬರೀತಿದ್ದದ್ದೇ. ಎಷ್ಟು ಸಲ ಅಳಸೀನಿ, ನನಗ ಗೊತ್ತಾಗಲ್ಲೇನು?"

ಮಾಸ್ತರರು ಬಗ್ಗಿ ಓದಿದರು. ಹೆಸರು ಹೇಳಿದರು. ತಂದೆಯ ಹೆಸರು ಹೇಳಿದರು. ಆತನದೇ.

ನಾನು ಬಹಳ ಪುಸ್ತಕ ನೋಡಿದವಳು, ಬಹಳ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ಇಂಥದ್ದನ್ನು ಎಂದೂ ಕಂಡಿರಲಿಲ್ಲ. ಓದು ಬಾರದ ಒಬ್ಬ ಹೆಂಗಸು, ತಾನು ನಂಬದೆ ವರ್ಷ ವರ್ಷ ಸುಣ್ಣ ಬಳಿದು ಅಳಿಸಿದ ಹೆಸರನ್ನು, ಓದು ಬಲ್ಲ ಮನುಷ್ಯನ ಕಣ್ಣು ತಪ್ಪಿದ ಪುಟದಲ್ಲಿ ಹಿಡಿದಿದ್ದಳು. ಅಜ್ಜಿ ಬೆರಳು ತೆಗೆಯಲಿಲ್ಲ. "ಖರೇ ಸಾಲಿಗೆ ಬಂದಿದ್ದ ನೋಡು," ಎಂದು ಮೊಮ್ಮಗಳಿಗೆ ಹೇಳಿದಳು. "ನಾ ನಕ್ಕಿದ್ದೆ."

ಹೆಸರಿನ ಪಕ್ಕ 'ಖೌಮ್' ಎಂಬ ಕಾಲಂ, ಎಂದರೆ ಜಾತಿ. ನಮಗೆ ಬೇಕಾದದ್ದು ಅದೇ ಕಾಲಂ. "ಏನ್ ಬರದದ್ರಿ ಸರ್?" ಎಂದು ಹುಡುಗಿ ಕೇಳಿದಳು. ಅವರು ಅಜ್ಜಿಯ ಮುಖ ನೋಡಿದರು. ಆ ಹೆಸರನ್ನು ಆ ವಯಸ್ಸಿನ ಹೆಂಗಸಿನ ಎದುರು ಹೇಳಲು ಅವರಿಗೆ ಬಾಯಿ ಬರಲಿಲ್ಲ. ನನಗೂ ಬರುತ್ತಿರಲಿಲ್ಲ. ಕಡೆಗೆ ಅವರು ಮಾಡಿದ್ದು ನನಗೆ ಎಂದೂ ಮರೆಯದು. ಚಿಕ್ಕ ಮಕ್ಕಳಿಗೆ ಓದಿಸುವ ಹಾಗೆ ಒಂದೊಂದೇ ಅಕ್ಷರದ ಕೆಳಗೆ ಪೆನ್ಸಿಲ್ ಹಿಡಿದು, ಅಕ್ಷರಗಳನ್ನಷ್ಟೇ ಹೇಳಿದರು. "ಮೀಮ್. ಅಲಿಫ್. ದಾಲ್..."

ಕೊನೆಯ ಅಕ್ಷರ ಮುಗಿಯುವವರೆಗೂ ಅಜ್ಜಿ ತಲೆಯಾಡಿಸುತ್ತ ಕೇಳಿದಳು. ಆಮೇಲೆ, "ಜೋಡಿಸಿ ಹೇಳ್ರಿ ಸಾಹೇಬರ. ಈ ಮಾತು ಅನ್ನಿಸಿಕೊಂಡೇ ಆತ ಸಾಲಿ ಕಲ್ತಾನ. ನಾ ಕೇಳಾಕ ಅಂಜತೀನೇನು?" ಎಂದಳು. ಅವರು ತಗ್ಗಿದ ದನಿಯಲ್ಲಿ ಹೇಳಿದರು. ಬಾಗಿಲ ಬಳಿ ನಿಂತಿದ್ದ ಹೆಡ್ ಮಾಸ್ತರರು ನೆಲ ನೋಡಿದರು. ಅಜ್ಜಿಯೊಬ್ಬಳು ಮಾತ್ರ ತಲೆ ಎತ್ತಿಕೊಂಡೇ ಇದ್ದಳು.

ಸಾಲಿನ ಕೊನೆಗೆ 'ಕೈಫಿಯತ್' ಎಂಬ ಇನ್ನೊಂದು ಕಾಲಂ ಇತ್ತು. ಮಗುವಿನ ಬಗ್ಗೆ ಆ ಕಾಲದ ಶಾಲೆಯ ಮಾಸ್ತರರು ಏನಾದರೂ ಬರೆಯಬೇಕಿದ್ದರೆ ಬರೆಯುವ ಜಾಗ. ಉಳಿದ ಮಕ್ಕಳ ಮುಂದೆ ಅದು ಖಾಲಿ. ಈತನ ಮುಂದೆ ಎರಡು ಮಾತಿದ್ದವು. ಮಾಸ್ತರರು ಕನ್ನಡದಲ್ಲಿ ಹೇಳಿದರು: "ಹೊರಗ ಕೂಡ್ತಾನ. ಓದಿನ್ಯಾಗ ಚುರುಕು."

ಹುಡುಗಿ ಎದ್ದು ಹೊರಗೆ ಹೋದಳು. ಹೋಗಿ ನೋಡಿದರೆ ತರಗತಿಯ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಕಟ್ಟೆಯಿಂದ ಕರಿಹಲಗೆ ಕಾಣುತ್ತಿರಲಿಲ್ಲ, ದನಿಯಷ್ಟೇ ಕೇಳುತ್ತಿತ್ತು. "ಟೀಚರ್, ಬೋರ್ಡ್ ಕಾಣಲ್ರಿ ಇಲ್ಲಿಂದ. ನಮ್ಮ ಮುತ್ಯಾ ಬರಿಯಾಕ ಹ್ಯಾಂಗ ಕಲ್ತ?" ಎಂದು ಅಜ್ಜನ ಬಗ್ಗೆ ಕೇಳಿದಳು. ಮೂವತ್ತೆಂಟು ವರ್ಷ ಬೋರ್ಡಿನ ಮುಂದೆ ಕೂತ ಮಕ್ಕಳಿಗೇ ಕಲಿಸಲಾಗದೆ ಒದ್ದಾಡಿದವಳು ನಾನು. ಕಿಟಕಿಯಾಚೆಯಿಂದ ಬಂದ ದನಿಯನ್ನು ಹಿಡಿದು ಅಕ್ಷರ ಮಾಡಿಕೊಂಡ ಆ ಮಗುವಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಆ ಪುಟದ ದೃಢೀಕರಿಸಿದ ಪ್ರತಿ, ಮಾಸ್ತರರ ಅನುವಾದ ಎರಡನ್ನೂ ಹಿಡಿದುಕೊಂಡು ಎರಡು ದಿನದ ಮೇಲೆ ದೇವದುರ್ಗಕ್ಕೆ ಹೋದೆವು. ಪ್ರಮಾಣಪತ್ರ ಸಿಕ್ಕಿತು, ಸೀಟೂ ಉಳಿಯಿತು. ಹುಡುಗಿ ಈಗ ರಾಯಚೂರಿನಲ್ಲೇ ಓದುತ್ತಿದ್ದಾಳೆ, ಭಾನುವಾರ ನಮ್ಮ ಮನೆಗೆ ಬಂದು ನನ್ನ ಬಿಪಿ ನೋಡಿ ಉಪ್ಪು ಕಡಿಮೆ ಮಾಡಿ ಎಂದು ಗದರಿಸುತ್ತಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಹೇಳಬೇಕಾದದ್ದು ಆ ದಿನ ಆಫೀಸಿನಲ್ಲಿ ನಡೆದದ್ದು.

ಅಲ್ಲಿನ ಗುಮಾಸ್ತರು ಕಾಗದ ನೋಡಿ, "ಅಜ್ಜನ ದಾಖಲಿ ಸರಿ ಅದ. ಅಪ್ಪನ ದಾಖಲ್ಯಾಗ ಬ್ಯಾರೆ ಯಾಕ ಆತು ಅಂತ ಬರದೋರೇ ಒಂದು ಹೇಳಿಕಿ ಕೊಟ್ರ ಚಲೋ," ಎಂದರು. ಬಿಳಿ ಹಾಳೆ ತೆಗೆದುಕೊಂಡು ಬೆಂಚಿನ ಮೇಲೆ ಕೂತೆ. ನನ್ನ ಹೆಸರು, ಹುದ್ದೆ, ಶಾಲೆ ಬರೆದೆ. ಪೋಷಕರನ್ನು ಕೇಳದೆ ನಾನೇ ನನ್ನ ತಿಳಿವಳಿಕೆಯಂತೆ 'ಹರಿಜನ' ಎಂದು ಬರೆದಿದ್ದೆ ಎಂದು ಬರೆದೆ. 'ಇವರ ನಿಜವಾದ ಜಾತಿ' ಎಂದು ಬರೆದು ಅಲ್ಲಿಗೆ ಕೈ ನಿಂತಿತು.

ಆ ಹೆಸರನ್ನು ನಾನು ಬದುಕಿನಲ್ಲಿ ಒಮ್ಮೆಯೂ ಬರೆದವಳಲ್ಲ. ಈ ಬರಹದಲ್ಲೂ ಇಲ್ಲಿಯವರೆಗೆ ತಪ್ಪಿಸಿಕೊಂಡೇ ಬಂದಿದ್ದೇನೆ, ನೀವು ಗಮನಿಸಿರಬಹುದು. ಪೆನ್ನು ಹಿಡಿದರೆ ಆಯಿಯ ದನಿ ಕೇಳುತ್ತಿತ್ತು, ಹಿತ್ತಲ ಕಲ್ಲು ಕಾಣುತ್ತಿತ್ತು. ಹುಡುಗಿಗೆ ಅರ್ಥವಾಯಿತೆಂದು ಕಾಣುತ್ತದೆ.

"ಬರೀರಿ ಟೀಚರ್. ಬೈಗುಳಕ್ಕ ಅಂದೋರು ಅಂದಿದ್ರು, ಅದು ಅವರ ಬಾಯಿ. ನಮಗ ಅದು ನಮ್ಮ ಹೆಸರು. ನೀವು ಬರಿಯಾಕ ಅಂಜಿದ್ರ ಮತ್ತ ಅದು ಬೈಗುಳನೇ ಆಗ್ತದ."

ಬರೆದೆ. ಎಂದಿನಂತೆ ದುಂಡಗೆ, ಸಾಲು ತಪ್ಪದೆ. ಅಜ್ಜಿ ಮೇಜಿನ ಹತ್ತಿರ ಬಂದು, ಹಾಳೆಯ ಮೇಲೆ ಬಗ್ಗಿ ನೋಡಿದಳು.

"ಏನ್ ಬರದ್ರಿ ಟೀಚರಮ್ಮ?"

ಅದೇ ಪ್ರಶ್ನೆ. ನಾನು ಎದ್ದು ನಿಂತೆ.

"ಮಾದಿಗ ಅಂತ ಬರದೀನಿ ಯವ್ವಾ," ಎಂದೆ. ಪಕ್ಕದ ಮೇಜಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಓದಿದೆ, ನಾನು ಮಾಡಿದ ತಪ್ಪನ್ನೂ ಸೇರಿಸಿ.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಆತ ಕೇಳಿದಾಗ ಇಷ್ಟು ಹೇಳಿದ್ರ ಸಾಕಿತ್ತಲ್ರಿ," ಎಂದಳು.

"ಹೌದು ಯವ್ವಾ," ಎಂದೆ. ಸಹಿ ಹಾಕಿದೆ.